ಅಜ್ಜಿ, ಮೂರು, ಬಾಗಿಲು!!

ಮಾನವಶಾಸ್ತ್ರದ ಕ್ಷೇತ್ರಕಾರ್ಯ, ಅಂದರೆ ಜನರ ನಡುವೆಯೇ ಇದ್ದು ಅವರ ಬದುಕನ್ನು ನೋಡಿ ಬರೆಯುವುದನ್ನು ಕಲಿಸಲು ನಮ್ಮನ್ನು ಪರದೇಶದ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋಗಿದ್ದರು. ಮೂರೇ ವಾರ. ಹೆಸರಾಂತ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ 1915ರಿಂದ 1918ರ ನಡುವೆ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಸುಮಾರು ಎರಡು ವರ್ಷ ಇದ್ದರು. ನನಗೋ, ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗುತ್ತದೆ ಅಂತ ತಿಳಿಯುವಷ್ಟರಲ್ಲಿ ಒಂದು ವಾರ ಮುಗಿದಿತ್ತು.

ಉಳಿದುಕೊಂಡಿದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ನಮ್ಮ ಅಧ್ಯಯನದಲ್ಲಿ ಭಾಗವಹಿಸುವವರಿಗೆ ಮೊದಲ ದಿನವೇ ಒಪ್ಪಿಗೆ ಪತ್ರ ಓದಿ ಹೇಳಬೇಕು. ಹೆಸರು ಬದಲಿಸುತ್ತೇವೆ, ಇಷ್ಟವಿಲ್ಲದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ, ಬೇಕೆಂದಾಗ ಹಿಂದೆ ಸರಿಯಬಹುದು, ಕಾರಣ ಹೇಳಬೇಕಿಲ್ಲ. ದುಭಾಷಿ ಹುಡುಗಿ ಒಂದೊಂದೇ ಸಾಲು ಅನುವಾದಿಸಿದಳು. ಅಜ್ಜಿ ಕಿಟಕಿಯಾಚೆ ಮಲಗಿದ್ದ ಬೆಕ್ಕನ್ನೇ ನೋಡುತ್ತಾ ಕೂತಿದ್ದು ಕೊನೆಗೆ ರುಜು ಹಾಕಿದರು. ಇದನ್ನೆಲ್ಲ ಯಾರು ಕೇಳಿಸಿಕೊಳ್ತಾರೆ ಅಂದುಕೊಂಡೆ.

ಜನರ ಎದುರಿಗೇ ಪುಸ್ತಕ ಬಿಚ್ಚಿ ಬರೆದರೆ ಮಾತು ನಿಂತುಹೋಗುತ್ತದೆ, ಮರೆಗೆ ಹೋಗಿ ನಾಲ್ಕು ಪದ ಗೀಚಿಕೊಳ್ಳಿ, ಅದೇ ರಾತ್ರಿ ವಿಸ್ತರಿಸಿ ಬರೆಯಿರಿ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಆ ಮನೆಯಲ್ಲಿ ಮರೆ ಅಂತ ಇದ್ದದ್ದು ಒಂದೇ, ಟಾಯ್ಲೆಟ್. ಗಂಟೆಗೆ ನಾಲ್ಕು ಸಲ ಓಡುತ್ತಿದ್ದೆ. ಮೂರನೇ ದಿನ ಅಜ್ಜಿ ಕನಿಕರದಿಂದ ಹೊಟ್ಟೆಗೆ ಔಷಧಿ ಕೊಟ್ಟರು. ಸತ್ಯ ಹೇಳುವ ಹಾಗಿಲ್ಲ, ಕುಡಿದೆ. ಆಮೇಲೆ ನಿಜವಾಗಿಯೂ ಓಡಬೇಕಾಯಿತು.

ಮೇಷ್ಟ್ರ ಇನ್ನೊಂದು ಪಾಠ ಮಾನವಶಾಸ್ತ್ರಜ್ಞ ಗೀರ್ಟ್ಸ್ ಅವರ ‘ದಟ್ಟ ವಿವರಣೆ’: ಕಂಡದ್ದನ್ನಷ್ಟೇ ಅಲ್ಲ, ಅದರ ಅರ್ಥವನ್ನೂ ಬರೆಯುವುದು. ರೆಪ್ಪೆ ತಾನಾಗಿ ಅದುರುವುದು ಬೇರೆ, ಬೇಕಂತಲೇ ಕಣ್ಣು ಹೊಡೆಯುವುದು ಬೇರೆ. ನೋಡಲು ಎರಡೂ ಒಂದೇ, ಅರ್ಥ ಬೇರೆ. ರೈಲ್ ಎಂಬ ತತ್ವಜ್ಞಾನಿ ಕೊಟ್ಟ ಈ ಉದಾಹರಣೆಯನ್ನು ಗೀರ್ಟ್ಸ್ 1973ರಲ್ಲಿ ಪ್ರಸಿದ್ಧ ಮಾಡಿದರು. ಮರುದಿನವೇ ಬಸ್ ನಿಲ್ದಾಣದಲ್ಲಿ ಒಬ್ಬ ಹಿರಿಯರು ನನ್ನತ್ತ ಕಣ್ಣು ಹೊಡೆದರು. ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳುವ ಗುಪ್ತ ಸಂಕೇತವಿದು ಅಂತ ನಾಲ್ಕು ಪುಟ ಬರೆದೆ. ದುಭಾಷಿ ಓದಿ, “ಅವರಿಗೆ ಆ ಕಣ್ಣು ಯಾವಾಗಲೂ ಹಾಗೇ ಅದುರುತ್ತೆ” ಅಂದಳು. ಮೇಷ್ಟ್ರು ಮಾತ್ರ ಸಮಾಧಾನ ಮಾಡಿದರು: “ವಿವರಣೆ ದಟ್ಟವಾಗಿಯೇ ಇದೆ ಬಿಡಿ.”

ಮೂರನೇ ವಾರ ಟಿಪ್ಪಣಿಗಳನ್ನು ಜೋಡಿಸಲು ಕೂತೆ. ಒಂದು ಚೀಟಿಯಲ್ಲಿ ನನ್ನದೇ ಕೈಬರಹ: ‘ಅಜ್ಜಿ, ಮೂರು, ಬಾಗಿಲು!!’ ಕೆಳಗೆ ಎರಡು ಗೆರೆ, ಪಕ್ಕದಲ್ಲಿ ‘ತುಂಬಾ ಮುಖ್ಯ’. ಏನು ಮೂರು? ಯಾವ ಬಾಗಿಲು? ಆ ರಾತ್ರಿ ವಿಸ್ತರಿಸಿ ಬರೆಯದೆ ಮಲಗಿದ್ದೆ, ಅಷ್ಟೇ ತಪ್ಪು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯಲ್ಲಿದ್ದು ಬರೆದು, ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು. ಅವರು ನೆನಪಿನಿಂದಲೇ ಒಂದಿಡೀ ಪುಸ್ತಕ ಬರೆದರು. ನನ್ನ ಚೀಟಿ ಬೆಚ್ಚಗೆ ಕೈಯಲ್ಲೇ ಇತ್ತು, ಸುಟ್ಟುಹೋಗಿದ್ದು ನೆನಪು.

ಹೊರಡುವ ದಿನ ನಾಚಿಕೆ ಬಿಟ್ಟು ಅಜ್ಜಿಯನ್ನೇ ಕೇಳಿದೆ. ದುಭಾಷಿ ಚೀಟಿ ಓದಿದಳು. ಅಜ್ಜಿ ಒಂದು ನಿಮಿಷ ಯೋಚಿಸಿ, ಬಾಗಿಲ ಕಡೆ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಏನೋ ಹೇಳಿದರು.

“ಏನಂತೆ?”

“ಏನು ಅಂತ ಚೆನ್ನಾಗಿ ಗೊತ್ತಂತೆ. ಆದ್ರೆ ಬೇಕೆಂದಾಗ ಹಿಂದೆ ಸರಿಯಬಹುದು ಅಂತ ನೀವೇ ಓದಿ ಹೇಳಿದ್ರಲ್ವಾ, ಈಗ ಸರೀತಾರಂತೆ. ಕಾರಣ ಹೇಳಬೇಕಿಲ್ಲ ಅಂತಾನೂ ಇತ್ತಂತೆ.”