ಒಗ್ಗರಣೆ ಜಾಕೆಟ್ಟು

ಜಿಂಕೆ ಬೇಟೆಗೆ ನನ್ನನ್ನು ಕರೆದದ್ದು ಆಫೀಸಿನ ಗೆಳೆಯ. ಜಾಗ ಅಮೆರಿಕದ ಕೊಲರಾಡೊದ ಸ್ಯಾನ್ ವಾನ್ ಬೆಟ್ಟಗಳು. ಕೋವಿ ಅವನದು, ಲೈಸೆನ್ಸ್ ಅವನದು, ಮೂಟೆ ಹೊರೋದು ನನ್ನದು.

ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಹೊಡೆದರೆ ಜೈಲು. ಇಲ್ಲಿ ಏಪ್ರಿಲ್ ಮೊದಲ ವಾರದೊಳಗೆ ಅರ್ಜಿ ಹಾಕಿ, ಲಾಟರಿಯಲ್ಲಿ ಹೆಸರು ಬಂದರೆ ಸರ್ಕಾರವೇ ಚೀಟಿ ಕೊಡುತ್ತದೆ. "ಇದು ಪಬ್ಲಿಕ್ ಲ್ಯಾಂಡ್, ಯಾರ ಅಪ್ಪಣೆಯೂ ಬೇಡ" ಎಂದ ಗೆಳೆಯ. ಅಪ್ಪಣೆ ಬೇಡ ಸರಿ, ದಾರಿಯೂ ಇರಲಿಲ್ಲ. ಹತ್ತು ಸಾವಿರ ಅಡಿ ಎತ್ತರದಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು, ಪ್ರಕೃತಿ ಸೌಂದರ್ಯ ನೋಡುವವನಂತೆ ಏದುಸಿರು ಬಿಡುತ್ತಿದ್ದೆ.

ಬಂದೂಕು ಹಿಡಿದವರ ಮೈಮೇಲೆ ಕನಿಷ್ಠ 500 ಚದರ ಇಂಚು ಮಿಂಚುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕು, ಟೋಪಿಯೂ ಅದೇ ಬಣ್ಣದ್ದು. ಬಂದೂಕು ಇಲ್ಲದಿದ್ದರೂ ನನಗೂ ಒಂದು ಕಿತ್ತಳೆ ಅಂಗಿ ತೊಡಿಸಿದ. ಹಬ್ಬದ ಬಲೂನಿನ ಹಾಗೆ ಕಾಣುತ್ತಿದ್ದೆ. ಜಿಂಕೆಗೆ ಕಾಣಲ್ವಾ ಅಂದೆ. ಅದರ ಕಣ್ಣಿಗೆ ಕಿತ್ತಳೆ ಬಣ್ಣ ಮಂಕಾಗಿ ಕಾಣುತ್ತದಂತೆ. "ಅದು ಹುಷಾರಾಗಿರೋದು ಮೂಗಿನಲ್ಲಿ" ಅಂದ. ಅವನ ಬಟ್ಟೆಗಳೆಲ್ಲ ವಾಸನೆ ಇಲ್ಲದ ಸೋಪಿನಲ್ಲಿ ಒಗೆದವು. ನನ್ನ ಜಾಕೆಟ್ಟು ಎರಡು ಚಳಿಗಾಲದಿಂದ ನಮ್ಮ ಅಡುಗೆಮನೆಯ ಬಾಗಿಲ ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ನಾನು ಹೇಳಲಿಲ್ಲ, ಅವನು ಕೇಳಲಿಲ್ಲ.

ಬೆಳಿಗ್ಗೆ ಕತ್ತಲಲ್ಲೇ ಬಂಡೆಯ ಹಿಂದೆ ಕೂತೆವು. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದಲೇ ಗುಂಡು ಹಾರಿಸಬಹುದು. ಬೆಳಕು ಹರಿಯುತ್ತಿದ್ದಂತೆ ಕೆಳಗಿನ ಹುಲ್ಲಿನಲ್ಲಿ ಒಂದು ಮ್ಯೂಲ್ ಡೀರ್ ಬಂತು. ಹೇಸರಗತ್ತೆಯಂಥ ಕಿವಿ, ಕವಲೊಡೆದ ಕೊಂಬು. ಗೆಳೆಯ ಉಸಿರು ಬಿಗಿಹಿಡಿದ. ನನಗಂತೂ ಹಿಡಿಯಲು ಉಸಿರೇ ಉಳಿದಿರಲಿಲ್ಲ.

ಅಷ್ಟರಲ್ಲಿ ಗಾಳಿ ನನ್ನ ಬೆನ್ನಿಗೆ ತಿರುಗಿತು.

ಜಿಂಕೆ ತಲೆ ಎತ್ತಿತು. ಮೂಗು ಅಲ್ಲಾಡಿಸಿತು. ಇಂಗು, ಸಾಸಿವೆ, ಕರಿಬೇವು: ಆ ಬೆಟ್ಟದ ಜಿಂಕೆಗಳ ಏಳು ತಲೆಮಾರಿಗೂ ಗೊತ್ತಿಲ್ಲದ ವಾಸನೆ! ನಾಲ್ಕೂ ಕಾಲು ಒಟ್ಟಿಗೆ ನೆಲಕ್ಕೆ ಬಡಿದು, ಸ್ಪ್ರಿಂಗಿನ ಹಾಗೆ ಪುಟಿದು ಪುಟಿದು ಗುಡ್ಡ ದಾಟಿತು.

ಗೆಳೆಯ ನಿಧಾನವಾಗಿ ನನ್ನ ತೋಳಿನ ಹತ್ತಿರ ಮೂಗು ತಂದ. ಏನೂ ಅನ್ನಲಿಲ್ಲ. ಮುಖವೇ ಸಾಕಿತ್ತು.

ರಾತ್ರಿ ಟೆಂಟಿನಲ್ಲಿ ಮಾಂಸ ಇರಲಿಲ್ಲ. ನನ್ನ ಮೂಟೆಯಲ್ಲಿ ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆ ಇತ್ತು. ಡಬ್ಬಿ ತೆಗೆದ ಕೂಡಲೇ ಅದೇ ವಾಸನೆ. ನಾನು ನಾಚಿ ಮುಚ್ಚಲು ಹೋದೆ. ಅವನು ತಟ್ಟೆ ಮುಂದೆ ಚಾಚಿದ, ಎರಡು ಸಲ ಹಾಕಿಸಿಕೊಂಡ.