ಗ್ರಾಫಿಕ್ಸ್ ಕಾರ್ಡಿನ ದುಡ್ಡಲ್ಲಿ ಗುಂಡಿ ತೋಡಿಸಿದೆ

ನನ್ನ ಕಂಪ್ಯೂಟರನ್ನು ನಾನೇ ಜೋಡಿಸಿದ್ದು ಕೇಳಿ, ಈ ವಯಸ್ಸಲ್ಲಿ ನಿಂಗೆ ಇದೆಲ್ಲ ಬೇಕಿತ್ತಾ ಅಂತ ಮೂರು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನನಗೆ ನಲವತ್ತೇಳು. ಸಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮನೆಯಲ್ಲೇ ಕೂತು ಡಿಟಿಪಿ ಕೆಲಸ ಮಾಡುತ್ತೇನೆ. ಉಪನಯನದ ಕಾಗದ, ಸಂಘಗಳ ವಾರ್ಷಿಕ ವರದಿ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್. ಎರಡು ವರ್ಷದಿಂದ ತಾಳಮದ್ದಲೆಯ ವಿಡಿಯೋ ಎಡಿಟಿಂಗ್ ಕೂಡ ಬರುತ್ತಿದೆ. ಹೋದ ನವೆಂಬರಿನಲ್ಲಿ ಬಿಡಿ ಭಾಗ ತರಿಸಿಕೊಂಡು ನನ್ನ ಕಂಪ್ಯೂಟರನ್ನು ನಾನೇ ಜೋಡಿಸಿದೆ. ಮೊದಲ ಸಲ.

ಹೇಗೆ ಜೋಡಿಸುವುದು ಅಂತ ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೋ ಇದೆ. ಎಲ್ಲರೂ ಲೆಕ್ಕ ಮಾಡುವ ಪ್ರೊಸೆಸರ್ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಒಂದು ಗಂಟೆ. ಗೋಡೆಯ ಪ್ಲಗ್ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅವರ ಮನೆಯ ಪ್ಲಗ್ ಸರಿ ಇರಬೇಕು. ನಮ್ಮದು ಇರಲಿಲ್ಲ. ನಿಮ್ಮದೂ ಇರಲಿಕ್ಕಿಲ್ಲ, ಒಮ್ಮೆ ನೋಡಿಸಿ.

ನನ್ನ ಹಳೇ ಕಂಪ್ಯೂಟರು 2014ರದ್ದು. ಇಂಟೆಲ್ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್. ಎರಡು ವರ್ಷದ ಹಿಂದೆ ಮೇ ತಿಂಗಳ ಗುಡುಗಿಗೆ ಅದು ಸತ್ತುಹೋಯಿತು. ಹೊತ್ತುಕೊಂಡು ಪೇಟೆಗೆ ಹೋದೆ. ಯಾವ ಅಂಗಡಿ ಅಂತ ಹೇಳುವುದಿಲ್ಲ. ಅವರು ಮುಚ್ಚಳವನ್ನೂ ಬಿಚ್ಚದೆ "ಬೋರ್ಡ್ ಹೋಗಿದೆ ಮೇಡಂ, ಹೊಸ ಸಿಸ್ಟಮ್ಮೇ ತಗೊಳ್ಳಿ" ಅಂದರು. ಮುಚ್ಚಳ ಬಿಚ್ಚದೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಅದು ನಿಮಗೆ ಅರ್ಥ ಆಗಲ್ಲ" ಅಂದರು. ವಾಪಸ್ ಹೊತ್ತುಕೊಂಡು ಬಂದೆ.

ಮಗ ರಜೆಗೆ ಬಂದಾಗ ಇಬ್ಬರೂ ಕೂತು ಬಿಚ್ಚಿದೆವು. ಒಳಗೆ ಹಲ್ಲಿ ಮೊಟ್ಟೆಯ ಸಿಪ್ಪೆ, ಇರುವೆ ಮಣ್ಣು, ಜೇಡನ ಬಲೆ. ಎಲ್ಲ ಭಾಗಗಳೂ ಕೂರುವ ಆ ಬೋರ್ಡಿಗೆ ಏನೂ ಆಗಿರಲಿಲ್ಲ. ಸುಟ್ಟಿದ್ದು ಎಸ್‌ಎಂಪಿಎಸ್ ಮಾತ್ರ. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಒಳಗಿನವರಿಗೆಲ್ಲ ಬಡಿಸುವ ಡಬ್ಬಿ ಅದು. ಮೇಲೆ 450 ವ್ಯಾಟ್ ಅಂತ ಸ್ಟಿಕರ್ ಇತ್ತು. ಎತ್ತಿದರೆ ಖಾಲಿ ಬಿಸ್ಕತ್ತಿನ ಡಬ್ಬಿಯ ಹಾಗೆ ಹಗುರ. ಬೇರೆ ಎಸ್‌ಎಂಪಿಎಸ್ ಹಾಕಿದ ಮೇಲೆ ಅದೇ ಬೋರ್ಡ್ ಒಂದೂವರೆ ವರ್ಷ ನಡೆಯಿತು.

ಮೈ ಜುಂ ಅನ್ನುವುದು ಮಾತ್ರ ನಿಲ್ಲಲಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳ ತುದಿಯಲ್ಲಿ ಜುಂ. ಹತ್ತು ವರ್ಷ ನಾನು ಚಪ್ಪಲಿ ಹಾಕಿಕೊಂಡೇ ಟೈಪ್ ಮಾಡಿದ್ದೇನೆ. ಕಂಪ್ಯೂಟರ್ ಅಂದರೆ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲೀಜು ಸೋಸುವ ಪುಟ್ಟ ಕೆಪಾಸಿಟರುಗಳಿರುತ್ತವೆ. ಅವು ಚೂರು ಕರೆಂಟನ್ನು ಅರ್ಥಿಂಗ್ ವೈರಿಗೆ, ಅಂದರೆ ನೆಲಕ್ಕೆ ಇಳಿಸುವ ವೈರಿಗೆ, ಬಿಡುತ್ತವೆ. ಅರ್ಥಿಂಗೇ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಮೈಮೇಲೆ ಕೂತಿರುತ್ತದೆ, ಹತ್ತಿರ ಹತ್ತಿರ ಅರ್ಧ ವೋಲ್ಟೇಜಿನಲ್ಲಿ. ಹರಿಯುವ ಕರೆಂಟು ಬಹಳ ಕಡಿಮೆ, ಆದ್ದರಿಂದ ನಾನು ಬದುಕಿದ್ದೇನೆ.

ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದ. ಅರ್ಥಿಂಗಿನ ಮೂರನೇ ತೂತಿನ ಹಿಂದೆ ವೈರೇ ಇರಲಿಲ್ಲ. ಅದು ಇಷ್ಟು ವರ್ಷ ಅಲಂಕಾರಕ್ಕಿತ್ತು.

ಅರ್ಥಿಂಗಿಗೆ ಅಂತ ಮನೆ ಹಿಂದೆ ಗುಂಡಿ ತೋಡಿಸಿದೆವು. ಜಿಐ ಪೈಪ್ ನಿಲ್ಲಿಸಿ ಸುತ್ತಲೂ ಇದ್ದಿಲು, ಉಪ್ಪು, ಮತ್ತೆ ಇದ್ದಿಲು, ಉಪ್ಪು. ನಮ್ಮ ಚಿರೆಕಲ್ಲಿನ ಕೆಂಪು ನೆಲ ಬೇಸಿಗೆಯಲ್ಲಿ ಒಣಗಿತೆಂದರೆ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಬಚ್ಚಲ ನೀರು ಹೋಗುವ ಬದಿಯಲ್ಲಿ ತೋಡಿಸಿದ್ದು. ವರ್ಷವಿಡೀ ತೇವ ಇರುತ್ತದೆ. ಅತ್ತೆ ಜಗುಲಿಯಿಂದ ನೋಡಿ "ಕಂಪ್ಯೂಟರಿಗೂ ಬಾವಿ ಬೇಕನೇ?" ಅಂದರು. ಬೇಕಿತ್ತು. ಅವತ್ತು ಸಂಜೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದೆ. ಜುಂ ಇಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್ ಎಂಟನೇ ತಲೆಮಾರಾದರೂ ಬೇಕು, ನನ್ನದು ನಾಲ್ಕು. ಹಳೇದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಅತ್ತೆಗೆ ಭಜನೆ ಕೇಳಲು ಕೊಟ್ಟೆ. ಆರಾಮಾಗಿ ಓಡುತ್ತಿದೆ. ಹೊಸದರ ಲೆಕ್ಕಕ್ಕೆ ಕೂತಾಗ ಮಗನಿಗೂ ನನಗೂ ಫೋನಲ್ಲೇ ಜಗಳ.

ಅವನಿಗೆ ಗಾಜಿನ ಬದಿಯ ಕ್ಯಾಬಿನೆಟ್ ಬೇಕು, ಬಣ್ಣ ಬಣ್ಣದ ದೀಪ ಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕು. "ಎಡಿಟಿಂಗ್‌ಗೆ ಬೇಕೇ ಬೇಕು ಆಯಿ." ಅಲ್ಲಪ್ಪಾ, ತಾಳಮದ್ದಲೆಯಲ್ಲಿ ನಾಲ್ಕು ಜನ ಕೂತು ಮಾತಾಡುತ್ತಾರೆ. ಎದ್ದು ಓಡಾಡುವುದೂ ಇಲ್ಲ. ಅದಕ್ಕೆ ಅಷ್ಟು ದೊಡ್ಡ ಕಾರ್ಡ್ ಯಾಕೆ? ಕೊನೆಗೆ ಎಎಂಡಿ ರೈಜನ್ 5 5600ಜಿ ತಗೊಂಡೆವು. ಆರು ಕೋರ್, 65 ವ್ಯಾಟ್, ಗ್ರಾಫಿಕ್ಸ್ ಒಳಗೇ ಇದೆ. 2021ರ ಮಾಲು, ಹಳೇದು ಅಂತ ಮೂಗು ಮುರಿಯುವವರು ಮುರಿಯಲಿ. ಒಳಗಿನ ಗ್ರಾಫಿಕ್ಸ್, ಕೆಲಸದ ಹೊತ್ತಿನ ನೆನಪಾದ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಅದಕ್ಕೇ 16 ಜಿಬಿಯ ಒಂದೇ ಕಡ್ಡಿ ತಗೊಳ್ಳದೆ 8ರ ಎರಡು ಕಡ್ಡಿ ತಗೊಂಡೆ. ಎರಡಿದ್ದರೆ ಎರಡು ದಾರಿಯಲ್ಲಿ ಓಡುತ್ತದೆ. ರ‍್ಯಾಮ್ ಬೆಲೆ ಆಗ ವಾರ ವಾರಕ್ಕೂ ಏರುತ್ತಿತ್ತು. ಎಐ ಡೇಟಾ ಸೆಂಟರುಗಳು ಚಿಪ್ಪನ್ನೆಲ್ಲ ಎಳೆದುಕೊಳ್ಳುತ್ತಿವೆ ಅಂದ ಮಗ. ಅಡಿಕೆ ದರ ಹೀಗೆ ಏರಿದ್ದರೆ ಎಷ್ಟು ಚೆನ್ನಾಗಿತ್ತು ಅಂದರು ನಮ್ಮವರು.

ಉಳಿದ ದುಡ್ಡು ಎಲ್ಲಿ ಹಾಕಿದೆ ಅಂದರೆ, ಯಾರ ಕಣ್ಣಿಗೂ ಬೀಳದ ಕಡೆ. ಒಂದು, ಆಗಲೇ ಹೇಳಿದ ಗುಂಡಿ. ಇನ್ನೊಂದು, 550 ವ್ಯಾಟಿನ 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನುವ ಗುರುತು) ಎಸ್‌ಎಂಪಿಎಸ್. ನನ್ನ ಮಷೀನಿಗೆ ಅದರ ಅರ್ಧವೂ ಬೇಡ. ಆದರೆ ವೋಲ್ಟೇಜ್ ಏರಿಳಿದರೆ ತಾನೇ ನಿಂತುಬಿಡುವ ಬುದ್ಧಿ ಅದಕ್ಕಿದೆ. ಆಮೇಲೆ ಯುಪಿಎಸ್, ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಡಬ್ಬಿ. ಇಲ್ಲೊಂದು ಸೂಕ್ಷ್ಮ ಇದೆ. ಈಗಿನ ಒಳ್ಳೇ ಎಸ್‌ಎಂಪಿಎಸ್‌ಗಳು ಕೆಲವು ಅಗ್ಗದ ಯುಪಿಎಸ್‌ಗಳ ಒರಟು ಕರೆಂಟನ್ನು ಒಪ್ಪುವುದಿಲ್ಲ. ಕರೆಂಟ್ ಹೋದ ಕ್ಷಣ ಯುಪಿಎಸ್ ಕುಂಯ್ ಅನ್ನುತ್ತದೆ, ಕಂಪ್ಯೂಟರೂ ಆಫ್ ಆಗುತ್ತದೆ. ನುಣುಪು ಕರೆಂಟ್ ಕೊಡುವ ಸೈನ್ ವೇವ್ ಯುಪಿಎಸ್ ಅಂತ ಕೇಳಿ ತಗೊಳ್ಳಬೇಕು. ಮನೆಯ ಇನ್ವರ್ಟರಿನಲ್ಲೇ ನಡೆಸುವವರು ಅದರ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ. ಬಹಳ ಮನೆಗಳಲ್ಲಿ ಅದು ಯುಪಿಎಸ್ ಬದಿಗಲ್ಲದೆ ಬೇರೆ ಬದಿಗೇ ಇರುತ್ತದೆ.

ಕರೆಂಟ್ ಹೋಗುವುದು ಅಂದಾಗ ನಗು ಬರುತ್ತದೆ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರ್. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು. ರಾಜ್ಯಕ್ಕೆಲ್ಲ ಬೆಳಕು ಕೊಡುವ ಜಿಲ್ಲೆ ನಮ್ಮದು. ಒಂದು ಗಾಳಿ ಬೀಸಿ ಮತ್ತಿಮರದ ಕೊಂಬೆ ಬಿತ್ತು ಅಂದರೆ ನಮ್ಮ ಮನೆಯಲ್ಲಿ ಚಿಮಣಿ ದೀಪ. ಕಾಡಿನ ನಡುವೆ ಲೈನ್ ಎಳೆದ ಮೇಲೆ ಇದ್ದದ್ದೇ, ಯಾರನ್ನು ಬಯ್ಯುವುದು?

ಸರಿ, ಜೋಡಿಸಿದ ಕತೆ. ಬೋರ್ಡ್, ಪ್ರೊಸೆಸರ್ ಎಲ್ಲ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಮಗ ರಾತ್ರಿ ಬಸ್ಸಿಗೆ ಹಾಕಿದ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮೆತ್ತಿನ (ಅಟ್ಟದ) ಮೇಲೆ, ಅದೂ ಕಿಟಕಿ ಬದಿ. ವಿಡಿಯೋ ಕಾಲ್ ಹಚ್ಚಿಕೊಂಡು ಅಲ್ಲೇ ಕೂತೆ.

ಪ್ರೊಸೆಸರ್ ಅಡಿಯಲ್ಲಿ 1331 ಸೂಜಿಗಳಿವೆ. ಒಂದು ಬಗ್ಗಿದರೂ ಕತೆ ಮುಗಿಯಿತು ಅಂತ ಹೆದರಿಸಿದ್ದರು. ನಿಜ ಹೇಳುತ್ತೇನೆ, ಅದೇ ಎಲ್ಲಕ್ಕಿಂತ ಸುಲಭ. ಮೂಲೆಯ ಬಂಗಾರದ ತ್ರಿಕೋನಕ್ಕೆ ಸಾಕೆಟ್ಟಿನ ತ್ರಿಕೋನ ಸರಿಹೊಂದಿಸಿ ಬಿಟ್ಟರೆ ತಾನೇ ಕೂರುತ್ತದೆ. ಒತ್ತುವಂತಿಲ್ಲ. ಸತಾಯಿಸಿದ್ದು ಫ್ಯಾನು. ಅದನ್ನು ಕೂರಿಸಲು ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು. ಬಿಚ್ಚಿದ ಕೂಡಲೇ ಅಡಿಯಲ್ಲಿದ್ದ ಕಬ್ಬಿಣದ ತಗಡು ಕಳಚಿ ಬಿತ್ತು. ಇದನ್ನು ಯಾವ ವಿಡಿಯೋದವನೂ ಮೊದಲೇ ಹೇಳಿರಲಿಲ್ಲ! ಬೋರ್ಡ್ ಮುರಿಯಿತು ಅಂತಲೇ ಅಂದುಕೊಂಡೆ.

ಆಮೇಲೆ ಫೈಲೆಲ್ಲ ಉಳಿಯುವ ಎಸ್‌ಎಸ್‌ಡಿ. ಚೂಯಿಂಗ್ ಗಮ್ ಪಟ್ಟಿಯಷ್ಟೇ ಇರುವ ಎಂ.2 ಎಸ್‌ಎಸ್‌ಡಿ. ಅದನ್ನು ಹಿಡಿದಿಡಲು ಒಂದೇ ಒಂದು ಸ್ಕ್ರೂ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಕೈಯಿಂದ ಜಾರಿತು. ಮೆತ್ತಿನ ಹಲಗೆ ಸಂದಿಯಲ್ಲಿ ಇಳಿದು ಕೆಳಗೆ ಹೋಯಿತು. ಕೆಳಗೆ ಹೋದ ವರ್ಷದ ಚಾಲಿ ಅಡಿಕೆಯ ರಾಶಿ, ದರ ಬರಲಿ ಅಂತ ಇಟ್ಟುಕೊಂಡದ್ದು. ಹುಡುಕುವ ಪ್ರಶ್ನೆಯೇ ಇಲ್ಲ.

ಸ್ಕ್ರೂ ಇಲ್ಲದಿದ್ದರೆ ಎಸ್‌ಎಸ್‌ಡಿ ಬಾಲ ಎತ್ತಿಕೊಂಡು ನಿಲ್ಲುತ್ತದೆ. ಮರುದಿನ ಸಿರಸಿಗೆ ಹೋದೆ. ಲ್ಯಾಪ್‌ಟಾಪ್ ರಿಪೇರಿಯ ಹುಡುಗನೊಬ್ಬ ಹಳೇ ಹಾಜ್ಮೋಲಾ ಬಾಟಲಿ ಬಗ್ಗಿಸಿ ಅರ್ಧ ಗಂಟೆ ಹುಡುಕಿ ಒಂದು ಸ್ಕ್ರೂ ಕೊಟ್ಟ. ದುಡ್ಡು ಅಂದರೆ "ಒಂದು ಸ್ಕ್ರೂಗೆ ಎಂತ ದುಡ್ಡು ಅಕ್ಕಾ" ಅಂದ. ಯುಪಿಎಸ್ಸನ್ನು ಆನ್‌ಲೈನಲ್ಲಿ ತರಿಸಬೇಕು ಅಂತಿದ್ದೆ. ಅವನ ಹತ್ತಿರವೇ ತರಿಸಿಕೊಂಡೆ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಲು ಬೆಂಗಳೂರಿಗೆ ಹೋಗಲಾಗುತ್ತದಾ?

ಎಲ್ಲ ಮುಗಿದು ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು.

ಐದು ನಿಮಿಷ ಸುಮ್ನೆ ಕೂತೆ. ಅಂಗಡಿಯವರ ಮಾತು ನೆನಪಾಯಿತು. ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಅಂತ ಬರೆದ ಕಡೆ ಪುಟ್ಟ ದೀಪ ಉರಿಯುತ್ತಿತ್ತು. ಮಗನಿಗೆ ತೋರಿಸಿದೆ. "ಆಯೀ, ರ‍್ಯಾಮ್ ಪೂರ್ತಿ ಕೂತಿಲ್ಲ. ಆಫ್ ಮಾಡಿ ಇನ್ನೂ ಜೋರಾಗಿ ಒತ್ತು." ಮುರಿದರೆ? "ಮುರಿಯಲ್ಲ, ಒತ್ತು." ಏರಿದ ರೇಟಿಗೆ ತಗೊಂಡ ರ‍್ಯಾಮು, ಹೂವಿನ ಹಾಗೆ ಇಟ್ಟಿದ್ದೆ. ಹಲಸಿನ ಹಪ್ಪಳ ಒತ್ತುವ ಕೈ ಹಾಕಿದೆ. ಟಕ್ ಅಂತು. ಇನ್ನೊಂದು ಕಡೆ ಟಕ್. ಪರದೆ ಬೆಳಗಿತು.

ಕೈಗೆ ಆಂಟಿ ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ. ಹೀಟರ್ ಹಾಕಿದ ಒಣ ಮನೆಗಳಿಗೆ ಅದು ಜಾಸ್ತಿ ಬೇಕು. ನಮ್ಮ ತೇವದ ಹವೆಯಲ್ಲಿ ಆ ಕಾಟ ಕಡಿಮೆ. ನಾನು ಆಗಾಗ ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿಕೊಂಡೆ ಅಷ್ಟೇ. ನಮಗೆ ಹೆದರಿಕೆ ಇರುವುದು ತೇವದ್ದೇ. ಕುಮಟಾದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಉಪ್ಪು ಗಾಳಿಗೆ ತಾಮ್ರವೆಲ್ಲ ಹಸಿರು ಬಣ್ಣ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೊಂದು ಗಂಟೆ ಆನ್ ಮಾಡಿಡಬೇಕು, ಒಳಗೆ ಬೆಚ್ಚಗಿದ್ದರೆ ನೀರು ಹಿಡಿಯುವುದಿಲ್ಲ. ಹಿಂದಿನ ಖಾಲಿ ಕಿಂಡಿಗಳಿಗೆ ತಗಡು ಮುಚ್ಚಿದ್ದೇನೆ, ಹಲ್ಲಿಗೆ ಪ್ರವೇಶವಿಲ್ಲ.

ಮೊನ್ನೆ ಈ ವರ್ಷದ ಮೊದಲ ಗುಡುಗು. ಗುಂಡಿ ಇದೆ, ಯುಪಿಎಸ್ ಇದೆ ಅಂತ ಕೂರಲಿಲ್ಲ. ಹತ್ತಿರ ಬಿದ್ದ ಸಿಡಿಲಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಓಡಿ ಹೋಗಿ ಪ್ಲಗ್ಗು, ರೌಟರಿನ ವೈರು ಎರಡೂ ಕಿತ್ತೆ.

ಆ ಸ್ಕ್ರೂ ಸಿಕ್ಕಿತು, ಹೇಳುವುದು ಮರೆತೆ. ಫೆಬ್ರವರಿಯಲ್ಲಿ ಚಾಲಿ ಮಾರಲು ಆರಿಸುತ್ತಿದ್ದರು. ಆರಿಸಲು ಬಂದಾಕೆ ಅಂಗೈಯಲ್ಲಿಟ್ಟುಕೊಂಡು "ಇದ್ಯಾರ ಮೂಗುತಿ ತಿರುಪು ಅಮ್ಮಾ?" ಅಂದಳು. ನಾನು ಹೇಳುವ ಮೊದಲೇ ಅತ್ತೆ ಇಸಿದುಕೊಂಡರು. ಅದು ತಮ್ಮ ಹಳೇ ಬೆಳ್ಳಿದೇ ಇರಬೇಕು ಅಂತ ಕುಂಕುಮದ ಭರಣಿಯಲ್ಲಿ ಇಟ್ಟಿದ್ದಾರೆ. ನಾನೂ ಸುಮ್ಮನಿದ್ದೇನೆ.