ಜೀಪು ಹೊಗೆ ಬಿಟ್ಟರೆ ಮೊದಲು ಪಂಪ್ ಬಿಚ್ಚಬೇಡಿ

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಮಹೀಂದ್ರ ಎಂಎಂ 540 ಜೀಪುಗಳು, ಅದರಲ್ಲೂ 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್ ಇರುವವು, ಏರಿನಲ್ಲಿ ಎಳೆಯದೆ ಹೊಗೆ ಬಿಡತೊಡಗಿದರೆ, ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಹಾಯಿಸುವ ಇಂಜೆಕ್ಷನ್ ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್‌ಗೆ, ಅಂದರೆ ಡೀಸೆಲ್ ಅಳತೆ ಸರಿಹೊಂದಿಸಲು, ಕಳಿಸೋಣ ಎನ್ನುವವರೇ ಹೆಚ್ಚು. ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಮೈಕೊ, ಅಂದರೆ 2008ರಿಂದ ಬಾಷ್ ಎಂದಾಗಿರುವ ಕಂಪನಿಯ ಪಂಪುಗಳಲ್ಲಿ ಡೀಸೆಲ್ ಒತ್ತುವ ಪ್ಲಂಜರ್ ಮತ್ತು ಅದು ಓಡಾಡುವ ಬ್ಯಾರಲ್ ನಡುವಿನ ಅಂತರ ಮೈಕ್ರಾನ್‌ಗಳ ಲೆಕ್ಕದ್ದು. ಅಂಥದ್ದನ್ನು ಕಾರಣ ಗೊತ್ತಾಗುವ ಮೊದಲೇ ಬಿಚ್ಚಿಸುವುದು ಅನ್ಯಾಯ.

ತಪಾಸಣೆ ಟ್ಯಾಂಕಿನಿಂದ ಆರಂಭವಾಗಬೇಕು. ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದ್ದರೆ ಗಾಡಿ ಸ್ವಲ್ಪ ದೂರ ಓಡಿ ಸೊರಗುತ್ತದೆ. ಮುಚ್ಚಳ ಸಡಿಲಿಸಿದೊಡನೆ ಚೇತರಿಸಿಕೊಂಡರೆ ಕಾರಣ ಅಲ್ಲೇ ಇದೆ. ಮಳೆಗಾಲದಲ್ಲಿ ಅರೆಬರೆ ತುಂಬಿದ ಟ್ಯಾಂಕಿನಲ್ಲಿ ನೀರಿಳಿಯುತ್ತದೆ, ಡ್ರಮ್ಮಿನಲ್ಲಿ ಶೇಖರಿಸಿಟ್ಟ ಡೀಸೆಲ್ಲಿನಲ್ಲಂತೂ ತಳದ ನೀರಿನ ಜೊತೆ ಲೋಳೆಯೂ ಬೆಳೆದಿರುತ್ತದೆ.

ಹೆಚ್ಚಿನವರು ಗಮನಿಸದ ಸಂಗತಿಯೆಂದರೆ, ಟ್ಯಾಂಕಿನಿಂದ ಫೀಡ್ ಪಂಪ್ (ಡೀಸೆಲ್ ಹೀರಿ ಇಂಜೆಕ್ಷನ್ ಪಂಪಿಗೆ ಕೊಡುವ ಚಿಕ್ಕ ಪಂಪ್) ವರೆಗಿನ ಹೋಸ್ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಸೋರದೆಯೇ ಗಾಳಿ ಒಳಗೆ ಹೋಗಬಲ್ಲದು. ಆದ್ದರಿಂದ ನೆಲ ಒಣಗಿದೆ ಎಂಬುದು ಹೋಸ್ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಇಂಜೆಕ್ಷನ್ ಪಂಪಿಗೆ ಬರುವ ಲೈನಿನಲ್ಲಿ ಡೀಸೆಲ್ ತಡೆಯುವ ಪಾರದರ್ಶಕ ಟ್ಯೂಬಿನ ಒಂದು ತುಂಡು ಸೇರಿಸಿ, ಎಂಜಿನ್ ಚಾಲೂ ಮಾಡಿ ನೋಡಿ: ಬ್ಲೀಡ್ ಮಾಡಿದ, ಅಂದರೆ ಲೈನಿನ ಗಾಳಿ ಹೊರಬಿಟ್ಟ ನಂತರವೂ ಗುಳ್ಳೆಗಳು ಸಾಲುಗಟ್ಟಿ ಬರುತ್ತಿದ್ದರೆ ದೋಷ ಇಂಜೆಕ್ಷನ್ ಪಂಪಿನಲ್ಲಲ್ಲ, ಡೀಸೆಲ್ ಅದನ್ನು ತಲುಪುವ ಮೊದಲಿನ ಭಾಗದಲ್ಲಿದೆ. ಸಮತಟ್ಟಿನಲ್ಲಿ ಚೆನ್ನಾಗಿದ್ದು ಕಡಿದಾದ ಏರಿನಲ್ಲಿ ಮಾತ್ರ ನಿಲ್ಲುವ ಗಾಡಿಯಲ್ಲಿ, ಟ್ಯಾಂಕಿನ ಡೀಸೆಲ್ ಕಡಿಮೆಯಿದ್ದರೆ, ಹೀರುವ ಪೈಪಿನ ತುದಿ ಡೀಸೆಲ್ ಬಿಟ್ಟು ಮೇಲೆ ಉಳಿದಿರಲೂಬಹುದು.

ಹೊಗೆಯ ಬಣ್ಣವನ್ನು ಇದರ ಜೊತೆಗೇ ಓದಬೇಕು. ಬೆಳಗಿನ ತಣ್ಣನೆಯ ಎಂಜಿನ್ ಬಿಳಿ ಹೊಗೆ ಬಿಟ್ಟು ಬಿಸಿಯಾದ ಮೇಲೆ ಸರಿಹೋದರೆ ತಣ್ಣನೆಯ ಸಿಲಿಂಡರನ್ನು ಕಾಯಿಸುವ ಹೀಟರ್ ಪ್ಲಗ್‌ಗಳನ್ನು ನೋಡಿ. ನಿಲ್ಲದಿದ್ದರೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ, ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು, ಆದರೆ ಪಿಸ್ಟನ್ ರಿಂಗ್‌ಗೆ ಖರ್ಚು ಮಾಡುವ ಮೊದಲು ಗಾಳಿಯ ಧೂಳನ್ನು ಆಯಿಲ್‌ನಲ್ಲಿ ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರಿನಲ್ಲಿ ಗುರುತಿಗಿಂತ ಹೆಚ್ಚು ಆಯಿಲ್ ಇದೆಯೇ ಎಂದು ನೋಡುವುದು ಖರ್ಚಿಲ್ಲದ ಕೆಲಸ. ಕಪ್ಪು ಹೊಗೆಗೆ ಗಾಳಿ ಸಾಲದಿರುವುದು ಅಥವಾ ಡೀಸೆಲ್ ಹೆಚ್ಚಾಗಿರುವುದು ಕಾರಣ. ಪುಲ್ಲಿಂಗ್ ಹೆಚ್ಚಿಸಲೆಂದು ಪಂಪಿನ ಸೀಲ್ ಒಡೆದು ಡೀಸೆಲ್ ಏರಿಸುವವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಎಂಜಿನ್ ಅತಿಯಾಗಿ ಕಾಯುವುದಷ್ಟೇ ಅಲ್ಲ, ಆ ಮಸಿಯನ್ನು ಹಿಂದೆ ನಡೆದು ಬರುವ ಕೂಲಿಯವರು ಉಸಿರಾಡುತ್ತಾರೆ.

ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳ ಪರೀಕ್ಷೆಗೆ, ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಅವುಗಳ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಬೇಕು. ಎಂಜಿನ್ ಶಬ್ದ ಬದಲಾಗದ ಸಿಲಿಂಡರೇ ಕೆಲಸ ಮಾಡದಿರುವುದು. ಕಣ್ಣಿಗೆ ಕನ್ನಡಕ ಬೇಕು, ಕೈಯನ್ನಂತೂ ಹತ್ತಿರ ತರಬಾರದು, ಏಕೆಂದರೆ ಆ ಒತ್ತಡದ ಡೀಸೆಲ್ ಚರ್ಮ ಭೇದಿಸಿ ಒಳಹೋಗುತ್ತದೆ. ಇಷ್ಟೂ ಸರಿಯಿದ್ದು ತೊಂದರೆ ಉಳಿದರೆ ಆಗ ಪಂಪ್ ಬಿಚ್ಚಿಸಿ, ಮತ್ತೆ ಅದೇ ಸ್ಥಾನದಲ್ಲಿ ಕೂರಿಸಲು ಟೈಮಿಂಗ್ ಗುರುತು ಹಾಕಿಕೊಂಡು, ಪಂಪ್ ಪರೀಕ್ಷಿಸುವ ಟೆಸ್ಟ್ ಬೆಂಚ್ ಇರುವ ಕಡೆಗೇ ಒಯ್ಯಿರಿ.